ಮುತ್ತಜ್ಜನ ಅಜ್ಜ ಯಾರು?

ತಂದೆಯ ಹೆಸರನ್ನು ಹೇಳಲಾರದ ವಿದ್ಯಾರ್ಥಿಯಿಲ್ಲ. ಅಜ್ಜನ ಹೆಸರನ್ನೂ ಬಹುಮಂದಿ ತಡೆಯಿಲ್ಲದೆ ಹೇಳುವರು. ಮುತ್ತಜ್ಜನ ಹೆಸರನ್ನು ಕೇಳಿದಾಗ ತರಗತಿಯ ಅರ್ಧಕ್ಕರ್ಧ ಕೈಗಳು ಕೆಳಗಿಳಿಯುವವು. ಆ ಮುತ್ತಜ್ಜನ ಅಜ್ಜ ಯಾರೆಂದು ಕೇಳಿದರೆ ಮೇಲೆತ್ತಿದ ಕೈ ಒಂದೂ ಉಳಿಯದಿರಬಹುದು. ಆ ಮನುಷ್ಯನು ಬಾಳಿದ್ದು ಯಾವುದೋ ಪುರಾಣಕಾಲದಲ್ಲಲ್ಲ, ನಮಗಿಂತ ಸುಮಾರು ನೂರೈವತ್ತು ವರ್ಷಗಳ ಹಿಂದೆ. ಅವನು ಇದೇ ಎರೆಯ ನೆಲದಲ್ಲಿ ಜೋಳ ಬಿತ್ತಿರಬಹುದು, ಇಲ್ಲವೆ ಕುಣಿಮಗ್ಗದಲ್ಲಿ ಕುಳಿತು ಸೀರೆ ನೇಯ್ದಿರಬಹುದು. ಅವನಿಲ್ಲದಿದ್ದರೆ ಈ ಸಾಲುಗಳನ್ನು ಓದುವ ನೀವು ಇರುತ್ತಿರಲಿಲ್ಲ. ಆದರೂ ಅವನ ಹೆಸರು ಮನೆಯವರಿಗೇ ತಿಳಿಯದು.

ಹೀಗೆ ಮರೆತುಹೋದ ಹಿರಿಯರನ್ನು ಹುಡುಕಲು ಕ್ರಮಬದ್ಧವಾದ ಒಂದು ವಿಧಾನವುಂಟೆ? ಉಂಟು. ಅದರ ಮೂಲಸೂತ್ರ ಪ್ರಯೋಗಶಾಲೆಯ ಸೂತ್ರವೇ: ಒಂದೇ ಸಾಕ್ಷಿಯನ್ನು ನಂಬಬಾರದು, ಒಂದನ್ನೊಂದು ಅವಲಂಬಿಸದ ಎರಡು ಸಾಕ್ಷಿಗಳು ಒಂದೇ ಮಾತನ್ನು ಹೇಳಿದಾಗ ಮಾತ್ರ ಅದನ್ನು ಸಂಗತಿಯೆಂದು ಒಪ್ಪಬೇಕು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಈ ಸೂತ್ರವನ್ನು ಹೇಗೆ ಅನ್ವಯಿಸಬಹುದೆಂಬುದನ್ನು ಈ ಲೇಖನದಲ್ಲಿ ನೋಡೋಣ.

ಕಡಲಾಚೆಯ ಒಂದು ನಿದರ್ಶನ

ಹದಿನೆಂಟನೆಯ ಶತಮಾನದಲ್ಲಿ ಜರ್ಮನಿಯ ಸಾವಿರಾರು ಕುಟುಂಬಗಳು ಹಡಗು ಹತ್ತಿ ಅಮೇರಿಕದ ಪೆನ್ಸಿಲ್ವೇನಿಯ ಪ್ರಾಂತಕ್ಕೆ ವಲಸೆ ಹೋದವು. ಆ ಪ್ರಾಂತ ಆಗ ಇಂಗ್ಲಿಷರ ಆಳಿಕೆಯಲ್ಲಿತ್ತು. ಪರಭಾಷೆಯ ಇಷ್ಟೊಂದು ಜನ ಬಂದಿಳಿಯುವುದನ್ನು ಕಂಡ ಅಲ್ಲಿಯ ಆಡಳಿತವು ೧೭೨೭ರಲ್ಲಿ ಒಂದು ಕಟ್ಟಳೆಯನ್ನು ಮಾಡಿತು. ಫಿಲಡೆಲ್ಫಿಯ ಬಂದರಿನಲ್ಲಿ ಇಳಿದ ಹದಿನಾರು ವರ್ಷಕ್ಕೆ ಮೇಲ್ಪಟ್ಟ ಗಂಡಸರೆಲ್ಲರೂ ರಾಜನಿಷ್ಠೆಯ ಪ್ರಮಾಣವಚನವನ್ನು ಸ್ವೀಕರಿಸಬೇಕು, ಅವರ ಹೆಸರುಗಳನ್ನು ಪಟ್ಟಿಮಾಡಬೇಕು ಎಂಬುದೇ ಆ ಕಟ್ಟಳೆ. ಸರಕಾರದ ಸಂಶಯದಿಂದ ಹುಟ್ಟಿದ ಆ ಪಟ್ಟಿಗಳು ಇಂದು ಲಕ್ಷಾಂತರ ಅಮೇರಿಕನರಿಗೆ ತಮ್ಮ ಹಿರಿಯರ ಹೆಜ್ಜೆಗುರುತನ್ನು ತೋರಿಸುವ ದೀಪಗಳಾಗಿವೆ. ಅವುಗಳನ್ನು ಸ್ಟ್ರಾಸ್‌ಬರ್ಗರ್ ಮತ್ತು ಹಿಂಕೆ ಎಂಬ ವಿದ್ವಾಂಸರು ೧೯೩೪ರಲ್ಲಿ ಮುದ್ರಿಸಿ ಪ್ರಕಟಿಸಿದರು.

ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. ಒಂದೇ ಹಡಗಿಗೆ ಎರಡು ಮೂರು ಪಟ್ಟಿಗಳು ಇರುವುದುಂಟು. ಹಡಗಿನ ಕಪ್ತಾನನ ಪಟ್ಟಿಯಲ್ಲಿ ಜರ್ಮನ್ ಹೆಸರುಗಳನ್ನು ಇಂಗ್ಲಿಷ್ ಕಿವಿಯಿಂದ ಕೇಳಿ ಬರೆದಿದ್ದಾರೆ. ಆದ್ದರಿಂದ ಅವು ವಿಕಾರಗೊಂಡಿವೆ. ಪ್ರಮಾಣವಚನದ ಪಟ್ಟಿಯಲ್ಲಾದರೋ ಅಕ್ಷರ ಬಲ್ಲ ವಲಸೆಗಾರರು ತಾವೇ ತಮ್ಮ ಲಿಪಿಯಲ್ಲಿ ರುಜು ಹಾಕಿದ್ದಾರೆ. ಎರಡನ್ನೂ ಬದಿಬದಿಗೆ ಇಟ್ಟು ನೋಡಿದಾಗ ನಿಜವಾದ ಹೆಸರು ಹೊರಬೀಳುತ್ತದೆ. ಕಾಲಕ್ರಮದಲ್ಲಿ ಮ್ಯೂಲರ್ ಎಂಬ ಮನೆತನದ ಹೆಸರು ಮಿಲ್ಲರ್ ಆಯಿತು, ಶ್ಮಿಟ್ ಸ್ಮಿತ್ ಆಯಿತು. ಬಡಗಿ ಎಂಬರ್ಥದ ತ್ಸಿಮ್ಮರ್‌ಮನ್ ಎಂಬುದು ಅನುವಾದಗೊಂಡು ಕಾರ್ಪೆಂಟರ್ ಎಂದೂ ಆಯಿತು. ಹೆಸರನ್ನು ಹೇಳಿದವನು ಒಂದು ಭಾಷೆಯವನು, ಬರೆದುಕೊಂಡವನು ಇನ್ನೊಂದು ಭಾಷೆಯವನು ಆದಾಗ ಹೀಗಾಗುವುದು ಸಹಜ. ನಮ್ಮ ಸೀಮೆಯಲ್ಲಿ ಆದದ್ದೂ ಇದೇ.

ನಾಲ್ಕು ಊರು, ನಾಲ್ಕು ಸರಕಾರ

ಕೃಷ್ಣಾ ಘಟಪ್ರಭೆಗಳ ನಡುವಣ ಈ ನಾಡಿನ ಭೂಪಟವನ್ನು ೧೯೪೭ರ ಹೊತ್ತಿಗೆ ನೋಡಿದ್ದರೆ ಅದು ಕೌದಿಯಂತೆ ತುಂಡುತುಂಡಾಗಿ ಕಾಣುತ್ತಿತ್ತು. ಜಮಖಂಡಿ ಪಟವರ್ಧನರ ಸಂಸ್ಥಾನದ ರಾಜಧಾನಿ. ಬನಹಟ್ಟಿ ಆ ಸಂಸ್ಥಾನಕ್ಕೆ ಸೇರಿತ್ತು. ಅದಕ್ಕೆ ಅಂಟಿಕೊಂಡಂತಿರುವ ರಬಕವಿ ಸಾಂಗ್ಲಿ ಸಂಸ್ಥಾನದ್ದು. ಮುಧೋಳವನ್ನು ಘೋರ್ಪಡೆ ಮನೆತನದವರು ಆಳುತ್ತಿದ್ದರು. ಬೀಳಗಿಯಾದರೋ ಬ್ರಿಟಿಷರ ನೇರ ಆಡಳಿತದ ವಿಜಾಪುರ ಜಿಲ್ಲೆಯಲ್ಲಿತ್ತು. ೧೯೪೮ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ೧೯೫೬ರಲ್ಲಿ ಇಡಿಯ ಸೀಮೆ ವಿಶಾಲ ಮೈಸೂರು ರಾಜ್ಯಕ್ಕೆ ಬಂದಿತು. ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆ ಹುಟ್ಟಿತು.

ರಬಕವಿಯಿಂದ ಬನಹಟ್ಟಿಗೆ ನಡೆದು ಹೋಗಬಹುದು. ಆದರೆ ಅಂದಿನ ಕಾಗದಪತ್ರಗಳ ಲೆಕ್ಕದಲ್ಲಿ ಅವು ಎರಡು ಬೇರೆ ರಾಜ್ಯಗಳು. ರಬಕವಿಯ ನೇಕಾರನ ಮಗಳನ್ನು ಬನಹಟ್ಟಿಗೆ ಕೊಟ್ಟಿದ್ದರೆ, ಅವಳ ತವರಿನ ಹಳೆಯ ಕಾಗದಗಳ ದಾರಿ ಸಾಂಗ್ಲಿಯತ್ತ, ಗಂಡನ ಮನೆಯ ಕಾಗದಗಳ ದಾರಿ ಜಮಖಂಡಿಯತ್ತ ಹೋಗುತ್ತದೆ. ಬೀಳಗಿಯ ರೈತನ ಹೊಲದ ಚರಿತ್ರೆ ಮುಂಬಯಿ ಸರಕಾರದ ಸರ್ವೇ ನಂಬರಿನಲ್ಲಿ ಅಡಗಿದೆ. ಇನಾಮು ಭೂಮಿಯಿದ್ದ ಮನೆತನವಾದರೆ ಇನ್ನೂ ಹಿಂದಕ್ಕೆ ಹೋಗಬಹುದು. ೧೮೫೨ರ ಕಾಯಿದೆಯ ಮೇರೆಗೆ ನೇಮಕವಾದ ಇನಾಮು ಕಮಿಶನ್, ಭೂಮಿ ಯಾರಿಂದ ಬಂದಿತು, ಯಾರ ಮಗನಿಗೆ ಇಳಿಯಿತು ಎಂಬುದನ್ನು ಕೇಳಿ ಬರೆಸಿಕೊಂಡಿತು. ಪೇಶವೆಯರ ಕಾಲದ ದಫ್ತರವು ಪುಣೆಯಲ್ಲಿ ಇಂದಿಗೂ ಇದೆ.

ಅಮೇರಿಕದ ಶೋಧಕನಿಗೆ ಇನ್ನೊಂದು ಅನುಕೂಲವಿದೆ. ಅಲ್ಲಿಯ ೧೭೯೦ರ ಮೊದಲನೆಯ ಜನಗಣತಿಯಲ್ಲಿ ಮನೆಯ ಯಜಮಾನರ ಹೆಸರುಗಳಿವೆ. ೧೮೫೦ರಿಂದ ಮನೆಯ ಸ್ವತಂತ್ರ ವ್ಯಕ್ತಿಗಳೆಲ್ಲರ ಹೆಸರುಗಳಿವೆ. ಎಪ್ಪತ್ತೆರಡು ವರ್ಷಗಳಾದ ಬಳಿಕ ಆ ಹಾಳೆಗಳನ್ನು ಸಾರ್ವಜನಿಕರಿಗೆ ತೆರೆಯುತ್ತಾರೆ; ೧೯೫೦ರ ಗಣತಿಯನ್ನು ೨೦೨೨ರಲ್ಲಿ ತೆರೆದರು. ನಮ್ಮ ದೇಶದಲ್ಲಿ ೧೯೪೮ರ ಜನಗಣತಿ ಕಾಯಿದೆಯಂತೆ ಒಂದೊಂದು ಮನೆಯ ವಿವರ ಗುಪ್ತವಾದುದು. ಅದನ್ನು ಯಾರೂ ತೆರೆದು ನೋಡುವಂತಿಲ್ಲ. ಜನನ-ಮರಣಗಳ ನೋಂದಣಿಯನ್ನು ದೇಶದಾದ್ಯಂತ ಕಡ್ಡಾಯ ಮಾಡಿದುದು ೧೯೬೯ರ ಕಾಯಿದೆ. ಹಾಗಾದರೆ ಇನಾಮೂ ಇಲ್ಲದ, ಅಕ್ಷರವೂ ಇಲ್ಲದ ಸಾಮಾನ್ಯ ಒಕ್ಕಲಿಗನ ವಂಶವನ್ನು ಯಾರು ಬರೆದಿಟ್ಟರು? ಈ ಪ್ರಶ್ನೆಗೆ ಉತ್ತರ ಕಚೇರಿಯಲ್ಲಿಲ್ಲ. ಅದು ಎತ್ತಿನ ಗಾಡಿಯಲ್ಲಿ ಮನೆಬಾಗಿಲಿಗೇ ಬರುತ್ತಿತ್ತು.

ಹೆಳವನ ಬಾಯಿ

ಸುಗ್ಗಿ ಮುಗಿದ ಮೇಲೆ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಬರುವ ಹೆಳವರನ್ನು ಹಿರಿಯರು ಬಲ್ಲರು. ಹೆಳವನೆಂದರೆ ಕಾಲಿಲ್ಲದವನು. ಹಿಂದಿನ ಕಾಲದಲ್ಲಿ ಇವರು ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಬಟ್ಟೆಯಿಂದ ಮುಚ್ಚಿಕೊಂಡು ಬರುತ್ತಿದ್ದುದರಿಂದ ಈ ಹೆಸರು ನಿಂತಿತು. ಇವರ ವೃತ್ತಿ ವಂಶಾವಳಿಯನ್ನು ಹೇಳುವುದು. ಒಂದೊಂದು ಹೆಳವ ಮನೆತನಕ್ಕೆ ಇಂತಿಂತಹ ಊರುಗಳ ಇಂತಿಂತಹ ಒಕ್ಕಲುಗಳು ಎಂದು ಗೊತ್ತುಪಾಡಿದೆ. ಕೆಲವು ವರ್ಷಗಳಿಗೊಮ್ಮೆ ಬಂದು, ಬಾಗಿಲಲ್ಲಿ ನಿಂತು, ಆ ಮನೆಯ ಮೂಲಪುರುಷ ಯಾವ ಊರಿನವನು, ಬೆಡಗು ಯಾವುದು, ಮನೆದೇವರು ಯಾವುದು, ಬರಗಾಲಕ್ಕೋ ಜಗಳಕ್ಕೋ ಊರು ಬಿಟ್ಟು ಎಲ್ಲಿಗೆ ಬಂದರು, ಯಾರಿಗೆ ಎಷ್ಟು ಗಂಡುಮಕ್ಕಳು, ಯಾರು ದತ್ತಕ ಹೋದರು ಎಂಬುದನ್ನೆಲ್ಲ ರಾಗವಾಗಿ ಒಪ್ಪಿಸುತ್ತಾರೆ. ಈಚೆಗೆ ಹುಟ್ಟಿದ ಮಕ್ಕಳ ಹೆಸರುಗಳನ್ನು ಕೇಳಿ ಸೇರಿಸಿಕೊಳ್ಳುತ್ತಾರೆ. ಕಾಳು, ಬಟ್ಟೆ, ಪಾತ್ರೆ, ಕೆಲವೊಮ್ಮೆ ಕರು, ಈಗ ಹಣ, ಹೀಗೆ ಕೊಟ್ಟುದನ್ನು ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ತೆಲುಗರಲ್ಲಿ ಪಿಚ್ಚಕುಂಟ್ಲರು, ರಾಜಸ್ಥಾನದಲ್ಲಿ ಭಾಟರು, ಹರಿದ್ವಾರದಲ್ಲಿ ವಹಿ ಇಟ್ಟಿರುವ ಪಂಡರು ಮಾಡುವ ಕೆಲಸವೂ ಇದೇ ಜಾತಿಯದು.

ಇದು ಬರಿಯ ಹೊಗಳುಭಟರ ಹಾಡಲ್ಲವೆ ಎಂದು ಸಂಶಯಪಡುವವರುಂಟು. ಸಂಶಯ ಒಳ್ಳೆಯದೇ, ಆದರೆ ಪರೀಕ್ಷೆಯಿಲ್ಲದ ಸಂಶಯ ವಿಜ್ಞಾನವಲ್ಲ. ಹೆಳವನ ಮಾತಿಗೆ ಬಲ ಕೊಡುವ ಅಂಶಗಳು ಎರಡು. ಮೊದಲನೆಯದು, ಅವನು ಒಪ್ಪಿಸುವುದು ಗುಟ್ಟಾಗಿ ಅಲ್ಲ; ಮನೆಯ ಹಿರಿಯರು, ಓಣಿಯ ದಾಯಾದಿಗಳು ಕೇಳುತ್ತಿರುವಾಗ. ತಪ್ಪಿದರೆ ತಿದ್ದುವವರು ಅಲ್ಲಿಯೇ ಇದ್ದಾರೆ. ಎರಡನೆಯದು, ಲಯ. ಲಯಬದ್ಧವಾದ ಮಾತಿನಲ್ಲಿ ಒಂದು ಹೆಸರು ಬಿದ್ದುಹೋದರೆ ಕಿವಿಗೇ ತಿಳಿಯುತ್ತದೆ.

ದುರ್ಬಲಗೊಳಿಸುವ ಅಂಶಗಳೂ ಉಂಟು. ಕೊಡುಗೆಯ ಆಶೆಯಿಂದ ಮೂಲಪುರುಷನನ್ನು ವೀರನನ್ನಾಗಿ ಮಾಡುವ ಸೆಳೆತ ಒಂದು. ಅದಕ್ಕಿಂತ ಸೂಕ್ಷ್ಮವಾದ ದೋಷ ಇನ್ನೊಂದು. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ವಾಡಿಕೆ. ಆದ್ದರಿಂದ ಮಲ್ಲಪ್ಪನ ಮಗ ಬಸಪ್ಪ, ಬಸಪ್ಪನ ಮಗ ಮಲ್ಲಪ್ಪ, ಮತ್ತೆ ಅವನ ಮಗ ಬಸಪ್ಪ ಎಂಬ ಸರಪಳಿಯಲ್ಲಿ ಒಂದು ಜೋಡಿ ಕಳಚಿಹೋದರೂ ಲಯ ಕೆಡುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ.

ಈ ದೋಷವನ್ನು ಕಂಡುಹಿಡಿಯುವ ಉಪಾಯ ಸುಲಭವಾದ ಗಣಿತ. ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ೨೦೧೦ರಲ್ಲಿ ಹುಟ್ಟಿದ ಹುಡುಗನಿಂದ ಏಳು ತಲೆ ಹಿಂದಿನ ಒಬ್ಬ ಹಿರಿಯನನ್ನು ಹೆಳವನು ಹೆಸರಿಸುತ್ತಾನೆ. ಅದೇ ಹಿರಿಯನು ಮೂವತ್ತು ವಯಸ್ಸಿನ ಗೃಹಸ್ಥನಾಗಿ ೧೭೬೦ರ ಒಂದು ಕಾಗದದಲ್ಲಿ ಕಾಣುತ್ತಾನೆ. ಅಂದರೆ ಅವನು ಹುಟ್ಟಿದ್ದು ೧೭೩೦ರ ಸುಮಾರಿಗೆ. ನಡುವಣ ೨೮೦ ವರ್ಷಗಳನ್ನು ಏಳರಿಂದ ಭಾಗಿಸಿದರೆ ತಲೆಗೆ ೪೦ ವರ್ಷ ಬರುತ್ತದೆ. ತಂದೆಮಕ್ಕಳ ನಡುವಣ ಸರಾಸರಿ ಅಂತರ ೨೮ರ ಆಸುಪಾಸಿನಲ್ಲಿರುವುದು ವಾಡಿಕೆಯಾದ್ದರಿಂದ ಇಲ್ಲಿ ಹತ್ತು ತಲೆಗಳಿರಬೇಕಾಗಿತ್ತು. ಮೂರು ಹೆಸರು ಉದುರಿವೆ, ಇಲ್ಲವೆ ಕಾಗದದವನು ಬೇರೆ ಮನುಷ್ಯ. ಈ ಎರಡರಲ್ಲಿ ಯಾವುದೆಂದು ತೀರ್ಮಾನಿಸಲು ಇನ್ನೊಂದು ಸಾಕ್ಷಿ ಬೇಕು.

ಮೋಡಿಯ ಕಡತ

ಆ ಇನ್ನೊಂದು ಸಾಕ್ಷಿಯೇ ಬರಹ. ಮರಾಠಾ ಸಂಸ್ಥಾನಗಳಲ್ಲಿ ಆಡಳಿತದ ಭಾಷೆ ಮರಾಠಿ, ಬರಹ ಮೋಡಿ ಲಿಪಿ. ಲೇಖಣಿಯನ್ನು ಎತ್ತದೆ ವೇಗವಾಗಿ ಬರೆಯಲು ಬಳಸುತ್ತಿದ್ದ ಈ ಲಿಪಿಯಲ್ಲಿ ಪದಗಳ ನಡುವೆ ತೆರವಿರುವುದಿಲ್ಲ. ಇಕಾರ ಉಕಾರಗಳ ಹ್ರಸ್ವದೀರ್ಘ ಭೇದವನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. ಕನ್ನಡದಲ್ಲಿರುವ ಎಕಾರ ಏಕಾರ, ಒಕಾರ ಓಕಾರಗಳ ಭೇದವೂ ಅದರಲ್ಲಿಲ್ಲ. ಫಿಲಡೆಲ್ಫಿಯದ ಕಪ್ತಾನನ ಕಿವಿ ಜರ್ಮನ್ ಹೆಸರಿಗೆ ಮಾಡಿದುದನ್ನೇ ಜಮಖಂಡಿಯ ಕಾರಕೂನನ ಲಿಪಿ ಕನ್ನಡದ ಹೆಸರಿಗೆ ಮಾಡಿತು.

ಇದರ ಪರಿಣಾಮ ಸಣ್ಣದಲ್ಲ. ನಮ್ಮ ಬೀಳಗಿಯಲ್ಲದೆ ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನಲ್ಲಿ ಬಿಳಗಿ ಎಂಬ ಇನ್ನೊಂದು ಊರಿದೆ. ಅಲ್ಲಿಯೂ ಅರಸುಮನೆತನವೊಂದು ಆಳಿತ್ತು. ಕನ್ನಡದಲ್ಲಿ ಒಂದು ದೀರ್ಘದಿಂದ ಬೇರೆಯಾಗುವ ಈ ಎರಡು ಊರುಗಳು ಮೋಡಿಯಲ್ಲಿ ಒಂದೇ ಆಗಿಬಿಡುತ್ತವೆ. ಮುಧೋಳಕ್ಕೂ ತೆಲಂಗಾಣದ ನಿರ್ಮಲ ಜಿಲ್ಲೆಯಲ್ಲಿ ಒಂದು ನಾಮಸಾಮ್ಯವಿದೆ. ಊರಿನ ಹೆಸರೊಂದನ್ನೇ ನೆಚ್ಚಿ ಹೊರಟವನು ಬೇರೆಯವರ ಅಜ್ಜನನ್ನು ಮನೆಗೆ ಕರೆತಂದಾನು.

ಕಾಲಗಣನೆಯಲ್ಲಿಯೂ ಎಚ್ಚರ ಬೇಕು. ಕೆಲವು ಕಾಗದಗಳಲ್ಲಿ ಶಾಲಿವಾಹನ ಶಕವಿರುತ್ತದೆ. ಅದಕ್ಕೆ ೭೮ನ್ನು ಕೂಡಿಸಿದರೆ ಕ್ರಿಸ್ತಶಕದ ವರ್ಷ ಬರುತ್ತದೆ. ಶಕವರ್ಷದ ಕೊನೆಯ ಎರಡು ಮೂರು ತಿಂಗಳುಗಳಿಗೆ ಮಾತ್ರ ೭೯ನ್ನು ಕೂಡಿಸಬೇಕು. ಬಹಳಷ್ಟು ಮರಾಠಿ ಕಾಗದಗಳಲ್ಲಿರುವುದು ಶುಹೂರ ಸನ್. ಇದನ್ನು ಅಂಕೆಗಳಲ್ಲಲ್ಲ, ಅರಬ್ಬಿ ಸಂಖ್ಯಾವಾಚಕಗಳಲ್ಲಿ ಬರೆಯುತ್ತಿದ್ದರು. 'ಇಹಿದೆ ಸಿತ್ತೈನ್ ಮಯಾ ವ ಅಲಫ್' ಎಂದಿದ್ದರೆ ಒಂದು, ಅರವತ್ತು, ನೂರು, ಸಾವಿರ, ಕೂಡಿದರೆ ೧೧೬೧. ಇದಕ್ಕೆ ೫೯೯ನ್ನು ಸೇರಿಸಿದರೆ ೧೭೬೦. ಈ ವರ್ಷ ಆರಂಭವಾಗುವುದು ಸೂರ್ಯನು ಮೃಗಶಿರಾ ನಕ್ಷತ್ರವನ್ನು ಪ್ರವೇಶಿಸುವ ಜೂನ್ ಮೊದಲ ವಾರದಲ್ಲಿ, ಅಂದರೆ ರೈತರು ಮೃಗಶಿರ ಮಳೆಗೆ ಕಾಯುವ ಹೊತ್ತಿನಲ್ಲಿ. ಆದ್ದರಿಂದ ೧೭೬೧ರ ಜನವರಿ ೧೪ರಂದು ನಡೆದ ಪಾಣಿಪತ್ತಿನ ಯುದ್ಧವೂ ಇದೇ ಸನದೊಳಗೆ ಬೀಳುತ್ತದೆ. ನಮ್ಮ ಸಂವತ್ಸರಗಳಾದರೋ ಅರವತ್ತು ವರ್ಷಗಳಿಗೊಮ್ಮೆ ತಿರುಗಿ ಬರುತ್ತವೆ. ಮನೆಯ ಹಳೆಯ ಹಾಳೆಯೊಂದರಲ್ಲಿ ಬರಿಯ 'ಸೌಮ್ಯ ಸಂವತ್ಸರ' ಎಂದಿದ್ದರೆ ಅದು ೧೯೦೯ ಆಗಬಹುದು, ೧೮೪೯ ಆಗಬಹುದು, ೧೭೮೯ ಕೂಡ ಆಗಬಹುದು.

ಕನಿಷ್ಠ ವೆಚ್ಚದಲ್ಲಿ ದೊರೆಯುವ ದಾಖಲೆಗಳನ್ನೂ ಮರೆಯಬಾರದು. ಹೊಲದ ಯಜಮಾನನು ತೀರಿಕೊಂಡಾಗ ಆಗುವ ವಾರಸಾ ನೋಂದಿನಲ್ಲಿ ಮಕ್ಕಳ ಹೆಸರುಗಳು ಒಟ್ಟಾಗಿ ಸಿಗುತ್ತವೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರೂ ಅಡ್ಡಹೆಸರೂ ಇರುತ್ತವೆ. ಆದರೆ ಅಲ್ಲಿಯ ಜನ್ಮದಿನವನ್ನು ಕಣ್ಣುಮುಚ್ಚಿ ನಂಬಲಾಗದು. ಊರಿನ ಅರ್ಧ ಮಕ್ಕಳು ಜೂನ್ ಒಂದರಂದೇ ಹುಟ್ಟಿದಂತೆ ಬರೆದಿರುವುದು ಶಾಲೆ ತೆರೆಯುವ ಕಾಲದಲ್ಲಿ ಗುರುಗಳು ಮಾಡಿದ ಅಂದಾಜು. ಅಡ್ಡಹೆಸರಿಗೂ ಒಂದು ತರ್ಕವಿದೆ. 'ಬೀಳಗಿ' ಎಂಬ ಅಡ್ಡಹೆಸರು ಬೀಳಗಿಯಲ್ಲಿ ಹುಟ್ಟಲಾರದು. ಅಲ್ಲಿಂದ ಹೊರಟು ರಬಕವಿಯಲ್ಲಿಯೋ ಇನ್ನೆಲ್ಲಿಯೋ ನೆಲೆಸಿದವನನ್ನು ಆ ಹೊಸ ಊರಿನವರು ಹಾಗೆ ಕರೆದರು. ಅದು ವಲಸೆಯ ಮುದ್ರೆ. ಮನೆದೇವರೂ ಹಾಗೆಯೇ: ದೂರದ ಊರಿನ ದೇವಾಂಗ ನೇಕಾರರು ಬಾದಾಮಿಯ ಬನಶಂಕರಿಗೆ ನಡೆದುಕೊಳ್ಳುವುದನ್ನು ಕಂಡಾಗ, ಹಳೆಯ ದಾರಿಯ ಒಂದು ಕೊನೆ ಇಲ್ಲಿರಬಹುದೆಂದು ಊಹಿಸಲು ಆಧಾರವಾಗುತ್ತದೆ.

ಸಾಕ್ಷಿಯ ತೂಕ

ಬರಹವೆಂದೊಡನೆ ಸತ್ಯವೆಂದು ತಿಳಿಯಬಾರದು. ಮುಧೋಳದ ಘೋರ್ಪಡೆ ಮನೆತನವೇ ಇದಕ್ಕೆ ಒಳ್ಳೆಯ ನಿದರ್ಶನ. ತಾವು ಮೇವಾಡದ ಸಿಸೋದಿಯ ರಜಪೂತರ ವಂಶಜರೆಂಬುದು ಆ ಮನೆತನದ ಪರಂಪರೆ. ಬಹಮನಿಯರ ಕಾಲದಲ್ಲಿ ಹಿರಿಯನೊಬ್ಬನು ಉಡದ ನೆರವಿನಿಂದ ಕೋಟೆಯೇರಿದ ಕಾರಣ, ಉಡಕ್ಕೆ ಮರಾಠಿಯಲ್ಲಿರುವ 'ಘೋರ್ಪಡ' ಎಂಬ ಹೆಸರೇ ವಂಶದ ಹೆಸರಾಯಿತೆಂದು ಅವರು ಹೇಳುತ್ತ ಬಂದರು. ಇದಕ್ಕೆ ಆಧಾರವೆಂದು ತೋರಿಸಿದ ಪಾರಸಿ ಫರ್ಮಾನುಗಳು ೧೯೩೦ರ ದಶಕದಲ್ಲಿ ಪ್ರಕಟವಾದವು. ಅವುಗಳ ಪ್ರಾಮಾಣ್ಯದ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯ ತಲೆದೋರಿತು. ಇದೇ ವಂಶದ ಬಾಜಿ ಘೋರ್ಪಡೆ ವಿಜಾಪುರದ ಸೇನೆಯಲ್ಲಿದ್ದು ೧೬೪೮ರಲ್ಲಿ ಶಿವಾಜಿಯ ತಂದೆ ಶಹಾಜಿಯನ್ನು ಸೆರೆಹಿಡಿದ ಸಂಗತಿಯ ಮಾತು ಬೇರೆ. ಅದನ್ನು ಮುಧೋಳದ ಮನೆಯವರಷ್ಟೇ ಅಲ್ಲ, ಅವರಿಗೆ ಹಗೆಗಳಾಗಿದ್ದವರ ಕಡೆಯವರೂ ಹೇಳುತ್ತಾರೆ. ಏಣಿ ಒಂದೇ, ಆದರೆ ಕೆಳಗಿನ ಮೆಟ್ಟಿಲು ಗಟ್ಟಿ, ಮೇಲಿನ ಮೆಟ್ಟಿಲು ಅಲುಗಾಡುವಂತಹುದು. ಯಾರಿಗೆ ಲಾಭವಿದೆಯೋ ಅವರ ಸಾಕ್ಷಿಗೆ ತೂಕ ಕಡಿಮೆ ಎಂಬ ನಿಯಮ ಅರಸನಿಗೂ ಒಕ್ಕಲಿಗನಿಗೂ ಸಮಾನ.

ಮುಧೋಳದ ಇನ್ನೊಂದು ಕುಟುಂಬದ ವಿವರ ಸಾವಿರ ವರ್ಷಗಳಿಂದ ಉಳಿದುಬಂದಿದೆ. ಬಳೆಗಾರರ ಮನೆಯಲ್ಲಿ ೯೪೯ರ ಸೌಮ್ಯ ಸಂವತ್ಸರದಲ್ಲಿ ಹುಟ್ಟಿದ ರನ್ನನು, ೯೯೩ರಲ್ಲಿ ಮುಗಿಸಿದ ಅಜಿತಪುರಾಣದಲ್ಲಿ ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಹೆಂಡಿರು, ಮಗ ರಾಯ, ಮಗಳು ಅತ್ತಿಮಬ್ಬೆ ಇವರನ್ನು ಹೆಸರಿಸಿದ್ದಾನೆ. ತಾಯಿ ಹೆಂಡಿರು ಮಗಳು, ಎಲ್ಲರೂ ಅದರಲ್ಲಿದ್ದಾರೆಂಬುದನ್ನು ಗಮನಿಸಬೇಕು. ಹೆಳವನ ಪಾಠದಲ್ಲಿಯೂ ಸರಕಾರದ ಕಡತದಲ್ಲಿಯೂ ಅವರಿಗೆ ಸ್ಥಳ ಬಲು ಕಡಿಮೆ.

ಲೆಕ್ಕ ಹೇಳುವ ಪಾಠ

ಈ ಕೊರತೆ ಎಷ್ಟು ದೊಡ್ಡದೆಂಬುದನ್ನು ಎಣಿಸಿ ನೋಡೋಣ. ನಮಗೆ ತಂದೆತಾಯಿಗಳು ಇಬ್ಬರು, ಅಜ್ಜಅಜ್ಜಿಯರು ನಾಲ್ವರು, ಅವರ ತಂದೆತಾಯಿಗಳು ಎಂಟು ಮಂದಿ. ಹತ್ತನೆಯ ತಲೆಗೆ ಈ ಸಂಖ್ಯೆ ೧,೦೨೪ ಆಗುತ್ತದೆ. ಗಂಡುಸಂತಾನದ ಒಂದೇ ಎಳೆಯನ್ನು ಹೇಳುವ ವಂಶಾವಳಿ ಈ ೧,೦೨೪ ಜನರಲ್ಲಿ ಒಬ್ಬನನ್ನು ಮಾತ್ರ ತೋರಿಸುತ್ತದೆ. ಇಪ್ಪತ್ತನೆಯ ತಲೆಗೆ ಹತ್ತು ಲಕ್ಷವನ್ನು ಮೀರುತ್ತದೆ. ಮೂವತ್ತನೆಯದಕ್ಕೆ ನೂರೇಳು ಕೋಟಿ. ಅಂದು ಇಡೀ ಜಗತ್ತಿನಲ್ಲಿಯೇ ಅಷ್ಟು ಜನರಿರಲಿಲ್ಲ. ಇದರ ಅರ್ಥವಿಷ್ಟೆ: ಒಬ್ಬನೇ ಹಿರಿಯನು ವಂಶವೃಕ್ಷದಲ್ಲಿ ಹಲವು ಕಡೆ ಕಾಣಿಸಿಕೊಳ್ಳಲೇಬೇಕು. ಸೋದರಸಂಬಂಧದ ಮದುವೆ ವಾಡಿಕೆಯಲ್ಲಿರುವ ನಮ್ಮ ಕಡೆ ಇದು ಬೇಗನೆ ಆಗುತ್ತದೆ. ಸೋದರತ್ತೆಯ ಮಗಳನ್ನು ಮದುವೆಯಾದವನ ಮಕ್ಕಳಿಗೆ ಮೂರನೆಯ ತಲೆಯಲ್ಲಿ ಎಂಟು ಹಿರಿಯರಿಲ್ಲ, ಆರೇ ಮಂದಿ.

ಇಂದಿನ ಜೀವವಿಜ್ಞಾನವೂ ಒಂದು ಸಾಕ್ಷಿಯನ್ನು ಒದಗಿಸಬಲ್ಲದು. ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಇಳಿಯುತ್ತದೆ. ಜೀವಕೋಶದ ಮೈಟೊಕಾಂಡ್ರಿಯದ ಡಿ.ಎನ್.ಎ. ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಒಂದೇ ಮೂಲಪುರುಷನವರೆಂದು ಹೆಳವನು ಹೇಳುವ ಎರಡು ಮನೆಗಳ ಗಂಡಸರಲ್ಲಿ ವೈ ವರ್ಣತಂತುವಿನ ಗುರುತುಗಳು ಹೊಂದಿದರೆ ಆ ಮಾತಿಗೆ ಬೆಂಬಲ ಸಿಕ್ಕಂತಾಯಿತು. ಹೊಂದದಿದ್ದರೆ ಹೆಳವನು ಸುಳ್ಳನೆಂದಲ್ಲ. ನಡುವೆ ದತ್ತಕವಾಗಿರಬಹುದು, ಅದನ್ನು ಹೇಳಬಲ್ಲವನೂ ಹೆಳವನೇ. ರಕ್ತ ಸಂಬಂಧವನ್ನು ತೋರಿಸೀತು. ಹೆಸರನ್ನು, ಊರನ್ನು, ಊರು ಬಿಟ್ಟ ಕಾರಣವನ್ನು ಹೇಳಲಾರದು.

ನೀರು ಮತ್ತು ಮರೆವು

ಈ ಸೀಮೆಯಲ್ಲಿ ಇಂತಹ ಶೋಧ ಕೇವಲ ಕುತೂಹಲದ ಮಾತಲ್ಲ. ೧೯೬೪ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬೀಳಗಿ ತಾಲೂಕಿನ ಹಲವು ಹಳ್ಳಿಗಳನ್ನು ನುಂಗಿತು. ಜನರು ಪುನರ್ವಸತಿ ಕೇಂದ್ರಗಳಿಗೆ ಹೋದರು. ಜಲಾಶಯದ ಮಟ್ಟವನ್ನು ೫೧೯.೬ ಮೀಟರಿನಿಂದ ೫೨೪.೨೫೬ ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ ೨೦೧೦ರಲ್ಲಿ ಒಪ್ಪಿತು. ಹಾಗೆ ಏರಿಸಿದರೆ ಇನ್ನಷ್ಟು ನೆಲ ಮುಳುಗುವುದು. ಮುಳುಗಿದ ಹೊಲಕ್ಕೆ ಪರಿಹಾರ ಬೇಕಾದರೆ ವಾರಸುದಾರರು ಯಾರೆಂದು ತೋರಿಸಬೇಕು. ಅದಕ್ಕೆ ವಂಶಾವಳಿ ಬೇಕು. ಅಜ್ಜನ ಹೆಸರಿನಲ್ಲಿಯೇ ಉಳಿದ ಹೊಲ, ದೂರ ಹೋದ ಚಿಕ್ಕಜ್ಜನ ಮಕ್ಕಳು, ಕಾಗದದಲ್ಲಿ ಹೆಸರಿಲ್ಲದ ಅತ್ತೆ, ಇವರೆಲ್ಲರ ಹಕ್ಕು ಆ ಒಂದು ಹಾಳೆಯನ್ನು ಅವಲಂಬಿಸಿದೆ. ಓಣಿಗಳು ಚದರಿದಾಗ ಹೆಳವನ ಪಾಠವನ್ನು ಕೇಳಿ ತಿದ್ದುತ್ತಿದ್ದ ದಾಯಾದಿಗಳ ಸಭೆಯೂ ಚದರುತ್ತದೆ. ಅವನ ಮಕ್ಕಳು ಬೇರೆ ಉದ್ಯೋಗ ಹಿಡಿಯುತ್ತಿದ್ದಾರೆ. ಅದು ಅವರ ಹಕ್ಕು. ಮೋಡಿ ಓದಬಲ್ಲವರೂ ವಿರಳರಾಗುತ್ತಿದ್ದಾರೆ. ಕಾಗದ ಉಳಿದರೂ ಓದುವವನಿಲ್ಲದೆ ಹೋದರೆ ಅದು ಇಲ್ಲದಂತೆಯೇ.

ಆದುದರಿಂದ ವಿದ್ಯಾರ್ಥಿಗಳು ಈ ಕೆಲಸವನ್ನು ಕೈಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ. ಮನೆಯ ಅತ್ಯಂತ ಹಿರಿಯರಿಂದ ಆರಂಭಿಸಬೇಕು. ಪ್ರತಿಯೊಂದು ಹೆಸರಿನ ಮುಂದೆ ಅದನ್ನು ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬುದನ್ನು ಬರೆಯಬೇಕು. ತಾಯಿಯ ತವರು, ಅಜ್ಜಿಯ ತವರು ಇವುಗಳನ್ನು ತಪ್ಪದೆ ಕೇಳಬೇಕು; ಆ ಊರಿನ ಹೆಳವ ಬೇರೆಯಾದ್ದರಿಂದ ಅಲ್ಲಿ ಸ್ವತಂತ್ರವಾದ ಸಾಕ್ಷಿಯೂ ದೊರೆತೀತು. ಹೆಳವನು ಬಂದ ದಿನ ಅವನ ಒಪ್ಪಿಗೆ ಪಡೆದು, ಅವನಿಗೆ ಸಲ್ಲತಕ್ಕುದನ್ನು ಸಲ್ಲಿಸಿ, ಪಾಠವನ್ನು ಇಡಿಯಾಗಿ ಧ್ವನಿಮುದ್ರಿಸಿಕೊಳ್ಳಬೇಕು. ಆಮೇಲೆ ವಾರಸಾ ನೋಂದು, ಶಾಲೆಯ ಪುಸ್ತಕ, ಟ್ರಂಕಿನ ತಳದ ಹಳೆಯ ಕಾಗದ ಇವುಗಳೊಡನೆ ಹೋಲಿಸಬೇಕು. ಹೊಂದಿದ್ದಕ್ಕೆ ಒಂದು ಗುರುತು, ಹೊಂದದ್ದಕ್ಕೆ ಇನ್ನೊಂದು. ಹೊಂದಲಿಲ್ಲವೆಂದು ಯ ಾವುದನ್ನೂ ಅಳಿಸಬಾರದು.

ಕಾಗದ ಇನ್ನೂ ಕೆಲವು ವರ್ಷ ಕಾಯಬಲ್ಲದು. ಅಜ್ಜಿಯನ್ನು ಕೇಳುವ ಕೆಲಸವನ್ನು ಮಾತ್ರ ಬೇಸಗೆಯ ರಜೆಗೆಂದು ಮುಂದೂಡಬಾರದು.